ಆರೂವರೆಯ ವೀಣೆ

ಜನರ ಅಭಿರುಚಿ ಕೆಟ್ಟುಹೋಯಿತು ಎಂದು ಕೊರಗುವುದರಲ್ಲಿ ಒಂದು ಸುಖವಿದೆ. ಹಾಗೆ ಕೊರಗುವವನ ಅಭಿರುಚಿ ಚೆನ್ನಾಗಿದೆಯೆಂದು ಯಾರೂ ಪರೀಕ್ಷೆ ಮಾಡದೆ ಒಪ್ಪಿಕೊಂಡುಬಿಡುತ್ತಾರೆ. ಪಿರಿಯಾಪಟ್ಟಣದ ಕಡೆ ಒಂದು ಹಳ್ಳಿಯಲ್ಲಿ ಪಂಚಾಯಿತಿ ಸೆಕ್ರೆಟರಿಯಾಗಿ ಬಂದ ಮೇಲೆ ಬಹಳ ಕಾಲ ಈ ಸುಖವನ್ನು ನಾನು ಧಾರಾಳವಾಗಿ ಅನುಭವಿಸಿದೆ. ನನ್ನ ಸಂಗೀತಜ್ಞಾನ ಎಷ್ಟೆಂದು ಈಗ ಹೇಳಿಬಿಡುವುದು ಒಳ್ಳೆಯದು. ಚಿಕ್ಕಂದಿನಲ್ಲಿ ಮೈಸೂರಿನ ಸೋದರತ್ತೆಯ ಮನೆಯಲ್ಲಿದ್ದು ಎರಡು ತಿಂಗಳು ಸರಳೆ ವರಸೆ ಕಲಿತಿದ್ದೆ. ಮೂರನೆಯ ತಿಂಗಳು ಮೇಷ್ಟ್ರು ಮನೆ ಬದಲಾಯಿಸಿಕೊಂಡು ಬೇರೆ ಮೊಹಲ್ಲಾಕ್ಕೆ ಹೋದರು. ಅದು ನನ್ನ ಕಾರಣದಿಂದಲ್ಲ ಎಂದು ಅತ್ತೆ ಕೊನೆಯವರೆಗೂ ಹೇಳುತ್ತಿದ್ದರು, ನಾನು ಕೇಳದೆ ಇದ್ದಾಗಲೂ.

ಪಂಚಾಯಿತಿಗೆ ಸರ್ಕಾರ ಒಂದು ರೇಡಿಯೋ ಕೊಟ್ಟಿತ್ತು. ಅದನ್ನು ಒಳಗಿನ ಕೋಣೆಯಲ್ಲಿ ಇಟ್ಟು, ಹೊರಗೆ ಚಾವಣಿಯ ಮೇಲೆ ಊರಿನ ಕಡೆಗೆ ಬಾಯಿ ಮಾಡಿ ಒಂದು ಹಾರ್ನ್ ಕಟ್ಟಿದ್ದೆವು. ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿ. ಚಿಂತೆಯೂ ನನ್ನದೇ. ಗುಡುಗಿದರೆ ಚಾವಣಿಯ ಏರಿಯಲ್‌ಗೆ ಸಿಡಿಲು ಹೊಡೆಯುವ ಚಿಂತೆ, ಗುಡುಗದಿದ್ದರೆ ಇಲಿ ತಂತಿ ಕಡಿಯುವ ಚಿಂತೆ. ಇವೆರಡೂ ಇಲ್ಲದ ದಿನ ಏನೋ ಮರೆತಿದ್ದೇನೆಂಬ ಚಿಂತೆ. ಆದರೂ ಆ ಬೀಗದ ಕೈಯನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ತೆರಿಗೆ ಕೇಳಲು ಹೋದರೆ ಹಿತ್ತಲ ಬಾಗಿಲಿನಿಂದ ಹೊರಟುಹೋಗುತ್ತಿದ್ದ ಜನ, ಸಂಜೆ ಐದಾದರೆ ನನ್ನ ದಾರಿ ಕಾಯುತ್ತ ಪಂಚಾಯಿತಿ ಜಗಲಿಯ ಮೇಲೆ ಕೂತಿರುತ್ತಿದ್ದರು. ಇಂಥ ಗೌರವ ನನಗೆ ಬೇರೆ ಯಾವ ದಾರಿಯಿಂದಲೂ ಸಿಕ್ಕಿರಲಿಲ್ಲ.

ಮೊದಮೊದಲು ಅವರು ಏನು ಹಾಕಿದರೂ ಕೇಳುತ್ತಿದ್ದರು. ಪೆಟ್ಟಿಗೆ ಮಾತಾಡುವುದೇ ದೊಡ್ಡದಾಗಿದ್ದ ಕಾಲ ಅದು. ಆಮೇಲೆ ದೇವರನಾಮವಿದ್ದರೆ ಕೂರುವುದು, ಆಲಾಪನೆಯಾದರೆ ಕೆಮ್ಮುವುದು ಶುರುವಾಯಿತು. ಅಷ್ಟರಲ್ಲಿ ಸುಗಮ ಸಂಗೀತ ಬಂತು. ಕವಿತೆಯನ್ನು ತಬಲದ ಜೊತೆ ಮೆತ್ತಗೆ ಹಾಡುವ ಇದನ್ನು ಸಂಗೀತವೆನ್ನಬೇಕೋ ಸಾಹಿತ್ಯವೆನ್ನಬೇಕೋ ತಿಳಿಯದೆ, ಎರಡರ ಪರವಾಗಿಯೂ ನಾನು ನೊಂದುಕೊಂಡೆ. ಕೊನೆಗೆ ಸಿನಿಮಾ ಹಾಡು ಬಂದು ಜಗಲಿಯನ್ನು ಪೂರ್ತಿ ಹಿಡಿದುಕೊಂಡಿತು. ಆರರಿಂದ ಏಳರವರೆಗೆ ಕೇಳುಗರು ಬಯಸಿದ ಚಿತ್ರಗೀತೆ. ಆರೂವರೆಗೆ ಸರಿಯಾಗಿ ಬೇರೆ ನಿಲಯದಿಂದ ವೀಣೆ. ನಾನು ಗಡಿಯಾರ ನೋಡಿಕೊಂಡು, ಹಾಡು ಎಲ್ಲಿಗೇ ಬಂದಿರಲಿ, ಗುಂಡಿ ತಿರುಗಿಸಿಬಿಡುತ್ತಿದ್ದೆ.

"ಅಯ್ಯೋ, ಇನ್ನೊಂದ್ ಸೊಲ್ಪ ಬುಡಿ ಸ್ವಾಮಿ, ಮುಗೀತಾ ಬಂತು!" ಎಂದು ಎದುರಿನ ಹೋಟೆಲಿನ ನಂಜುಂಡ ಅಲ್ಲಿಂದಲೇ ಕೂಗುತ್ತಿದ್ದ. ಹಾಡು ಇದ್ದಷ್ಟು ಹೊತ್ತು ಅವನಿಗೆ ಕಾಫಿ ವ್ಯಾಪಾರ.

"ಕಿವಿ ಸ್ವಲ್ಪ ತಿದ್ದಿಕೊಳ್ಳಿ," ಎನ್ನುತ್ತಿದ್ದೆ ನಾನು. ಎರಡು ನಿಮಿಷದಲ್ಲಿ ಜಗಲಿ ಖಾಲಿ.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ರೇಡಿಯೋದಲ್ಲಿ ಎರಡು ಗಂಟೆಯ ವಿಶೇಷ ವೀಣಾವಾದನವಿತ್ತು. ಸಂತೆಯ ದಿನ. ಇಷ್ಟೊಂದು ಕಿವಿಗಳು ಒಂದೇ ಕಡೆ ಸಿಗುವುದು ಅಪರೂಪವೆಂದು ಹಾರ್ನಿನ ಸದ್ದನ್ನು ಪೂರ್ತಿ ಏರಿಸಿ, ಕಣ್ಣುಮುಚ್ಚಿ ಕುಳಿತೆ. ಅರ್ಧ ಗಂಟೆಯ ಮೇಲೆ ಕಣ್ಣು ಬಿಟ್ಟರೆ ಸಂತೆಯಲ್ಲಿ ಸದ್ದಿಲ್ಲ. ನನ್ನ ರೋಮ ನಿಮಿರಿತು. ಜನ ಕೇಳುತ್ತಿದ್ದಾರೆ! ಹೊರಗೆ ಬಂದು ನೋಡಿದೆ. ನಂಜುಂಡ ಒಲೆಗೆ ನೀರು ಹಾಕಿ ಹೋಟೆಲಿನ ಬಾಗಿಲು ಎಳೆಯುತ್ತಿದ್ದ. ತರಕಾರಿಯವರು ಗೋಣಿ ಮಡಿಸುತ್ತಿದ್ದರು. ಬೈಲಕುಪ್ಪೆಯಿಂದ ಜೋಳ ಮಾರಲು ಬಂದಿದ್ದ ಟಿಬೆಟಿನ ಮುದುಕರೊಬ್ಬರು ಟೋಪಿ ತೆಗೆದಿಟ್ಟು ಜಪಮಣಿ ಎಣಿಸುತ್ತಿದ್ದರು. ಛೇರ್ಮನ್ ಪುಟ್ಟೇಗೌಡರು ಪೇಟ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದರು.

"ಯಾರು ಓದ್ರು ಸೆಕ್ರೆಟ್ರಿಗಳೇ?"

ದೊಡ್ಡವರು ಯಾರಾದರೂ ತೀರಿಕೊಂಡಾಗ ರೇಡಿಯೋದಲ್ಲಿ ಬೇರೆಲ್ಲ ನಿಲ್ಲಿಸಿ ದಿನವಿಡೀ ವೀಣೆ, ಪಿಟೀಲು ಹಾಕುತ್ತಿದ್ದದ್ದು ನನಗೆ ಆಗ ನೆನಪಾಯಿತು.

"ಯಾರೂ ಹೋಗಿಲ್ಲ ಗೌಡರೇ," ಎಂದೆ.

"ಅಂಗಾರೆ ಇನ್ನೂ ಜೀವ ಐತಾ?"

ಇದು ಬರೀ ಕಚೇರಿ, ಸಂತೋಷಕ್ಕೆ ನುಡಿಸುತ್ತಿದ್ದಾರೆ ಎಂದು ತಿಳಿಸಿಹೇಳುವಷ್ಟರಲ್ಲಿ ಅರ್ಧ ಸಂತೆ ಊರು ಬಿಟ್ಟಿತ್ತು. ಗೌಡರು ಪೇಟವನ್ನು ಮತ್ತೆ ಸುತ್ತಿಕೊಳ್ಳುತ್ತ, "ಸಂತೋಸಕ್ಕೇ ಇಂಗಾದ್ರೆ..." ಎಂದು ಮಾತನ್ನು ಅಲ್ಲಿಗೇ ಬಿಟ್ಟರು.

ಮಾರನೆಯ ದಿನ ಪಂಚಾಯಿತಿ ಜಗಲಿಯ ಮೇಲೆ ಸಭೆ. ವಿಷಯ ಒಂದೇ: ರೇಡಿಯೋ ಬೀಗದ ಕೈ ಸೆಕ್ರೆಟರಿಯ ಹತ್ತಿರ ಇರಬೇಕೋ, ನಂಜುಂಡನಿಗೆ ಹೋಗಬೇಕೋ. ಹಿಂದಿನ ರಾತ್ರಿ ನಾನು ಊಟ ಮಾಡಲಿಲ್ಲ. ಬೀಗದ ಕೈ ಹೋದ ಮೇಲೆ ನಾನು ಮತ್ತೆ ಬರೀ ತೆರಿಗೆಯವನಾಗುತ್ತೇನಲ್ಲ! ಭಾರತೀಯ ಸಂಗೀತಕ್ಕೆ ಬಂದ ಗಂಡಾಂತರ ಎಂದು ನನ್ನ ಹೆಂಡತಿಗೆ ವಿವರಿಸಿದೆ. "ಅದಕ್ಕೆ ಮುದ್ದೆ ಏನು ಮಾಡಿತ್ತು?" ಎಂದಳು.

ಸಭೆಯಲ್ಲಿ ಗಂಡಸರೆಲ್ಲ ಒಂದೇ ಕಡೆ. "ಊರಿಗೆ ರೇಡಿಯಾ ಕೊಟ್ಟಿರೋದು ಊರೋರು ಕೇಳಕ್ಕೆ ಕಣ್ರೀ, ಎದ್ದೋಗಕ್ಕಲ್ಲ," ಎಂದ ನಂಜುಂಡ. ನಾನು ಬೀಗದ ಕೈಯನ್ನು ಸೊಂಟದಿಂದ ಬಿಚ್ಚುತ್ತಿದ್ದೆ. ಆಗ ಹಿಂದೆ ನಿಂತಿದ್ದ ಹೆಂಗಸರ ಗುಂಪಿನಿಂದ ದೇವೀರಮ್ಮ ಮುಂದೆ ಬಂದಳು. ಹೊಗೆಸೊಪ್ಪಿನ ಕೆಲಸಕ್ಕೆ ಆಳು ಕರೆದುಕೊಂಡು ಹೋಗುವ ಗಟ್ಟಿಗಿತ್ತಿ. ಊರಿನ ಗಂಡಸರು ಅವಳ ಎದುರಿಗೆ ಬೀಡಿ ಆರಿಸುತ್ತಿದ್ದರು.

"ಕೀಯ ಆಯಪ್ಪನ ತಾವೇ ಇರ್ಲಿ," ಎಂದಳು. "ಸಿನ್ಮಾ ಪದ ಆಕುದ್ರೆ ಈ ಗಂಡಸ್ರು ದೀಪ ಅಚ್ಚೋ ಒತ್ತಾದ್ರೂ ಮನೆ ಕಡೆ ತಲೆ ಆಕಲ್ಲ. ವೀಣೆ ಸುರುವಾಯ್ತಾ, ಎಲ್ಲಾ ಎದ್ದು ಮನೆಗ್ ಬತ್ತವೆ. ದನ ಕಟ್ತವೆ, ಸೌದೆ ಸೀಳ್ತವೆ. ವೀಣೆ ಕೇಳುಸ್ತಿದ್ದಂಗೇ ನಾವು ಮುದ್ದೆಗೆ ಎಸರು ಇಡ್ತೀವಿ. ಅದ ನಿಲ್ಸುದ್ರೋ, ನೋಡ್ಕಳಿ!"

ಹೆಂಗಸರೆಲ್ಲ ಹೌದೆಂದರು. ಗಂಡಸರು ನೆಲ ನೋಡಿದರು. ಕೇಳುವವರು ಒಬ್ಬರೂ ಇಲ್ಲ ಎಂಬ ಒಂದೇ ಕಾರಣಕ್ಕೆ ಶಾಸ್ತ್ರೀಯ ಸಂಗೀತ ಭಾರೀ ಬಹುಮತದಿಂದ ಗೆದ್ದಿತು. ನಾನು ನಮಸ್ಕಾರ ಮಾಡಿ, ಕಲೆ ಉಳಿಯಿತೆಂದು ಎರಡು ಮಾತು ಆಡಿದೆ.

ಗೆದ್ದ ಮೇಲೆ ಒಂದು ತೊಂದರೆ ಹುಟ್ಟಿಕೊಂಡಿತು. ಬೈಯುವವರು ಇಲ್ಲದೆ ವೀಣೆ ಸಪ್ಪೆಯೆನಿಸಿತು. ಜೊತೆಗೆ, ಆ ವರ್ಷ ಒಂದು ಸಿನಿಮಾ ಹಾಡು ಎಲ್ಲರಿಗೂ ಬೇಕಾಗಿ, ದಿನವೂ ವೀಣೆಗೆ ಸ್ವಲ್ಪ ಮುಂಚೆ ಬರುತ್ತಿತ್ತು. ಮೊದಲ ಚರಣದಲ್ಲಿ ಹುಡುಗಿಗೆ ಕೋಪ. ಎರಡನೆಯದರಲ್ಲಿ ಹುಡುಗ ಕಾರಣ ಕೇಳುತ್ತಾನೆ. ಅವಳು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಆರೂವರೆ. ಕಾರಣ ಇಡೀ ಊರಿಗೆ ಗೊತ್ತಿರಲಿಲ್ಲ, ನನ್ನ ದೆಸೆಯಿಂದ. ಆದರೆ ಊರಿಗಿಂತ ಹೆಚ್ಚಾಗಿ ಅದು ನನ್ನನ್ನು ಕಾಡತೊಡಗಿತು. ಜನನ ಮರಣದ ರಿಜಿಸ್ಟರು ಬರೆಯುವಾಗಲೂ ಅದೇ ಯೋಚನೆ: ಅವನು ಕಾಗದ ಬರೆಯಲಿಲ್ಲವೋ, ಇನ್ನೊಬ್ಬಳನ್ನು ನೋಡಿದನೋ?

ಒಂದು ದಿನ ತಡೆಯಲಾರದೆ ಗುಂಡಿ ತಿರುಗಿಸಲಿಲ್ಲ. ಮೂರು ನಿಮಿಷ. ಕಾರಣ, ಅವನು ಬರುವಾಗ ಹೂವು ತಂದಿರಲಿಲ್ಲವಂತೆ! ಇಷ್ಟಕ್ಕಾಗಿಯೇ ಎಂದು ಬೇಸರವಾಯಿತು. ಮಾರನೆಯ ದಿನ ಮತ್ತೊಮ್ಮೆ ಕೇಳಿದೆ, ಬೇಸರ ಸರಿಯಾದದ್ದೇ ಎಂದು ಖಚಿತಪಡಿಸಿಕೊಳ್ಳಲು. ಮೂರನೆಯ ದಿನ ಅದರ ಬೆನ್ನಿಗೆ ಇನ್ನೊಂದು ಹಾಡು ಬಂತು. ಜಗಲಿಯಲ್ಲಿ ಯಾರೂ ಏಳಲಿಲ್ಲ. ನಂಜುಂಡ ನನಗೊಂದು ಕಾಫಿ ಕಳಿಸಿದ. ನಾನು ಕಾಲು ಕುಣಿಸುತ್ತ ಕಾಫಿ ಕುಡಿಯುತ್ತಿದ್ದಾಗ ಬಾಗಿಲಲ್ಲಿ ದೇವೀರಮ್ಮ, ಕೈಯಲ್ಲಿ ಮುದ್ದೆ ತೊಳಸುವ ಕೋಲು.

"ಏನ್ ಸೆಕ್ರೆಟ್ರಪ್ಪ, ಮೂರ್ ದಿನದಿಂದ ನನ್ ಎಸರು ಒಲೆ ಮೇಲೆ ಕಾಯ್ತಾ ಕೂತದೆ. ಏನಾಯ್ತು ನಿನ್ ವೀಣೆಗೆ?"

"ಗಡಿಯಾರ ನಿಧಾನವಾಗಿದೆಯಮ್ಮ..."

"ಗಡಿಯಾರಕ್ಕೇನಾಗದೆ? ನಿನ್ ಕಾಲು ತಾಳ ಆಕ್ತಾ ಅದೆ ನೋಡು. ಕೊಡಿಲ್ಲಿ ಕೀಯ."

ಕೊಟ್ಟೆ. ಪಂಚಾಯಿತಿ ಅದನ್ನು ಠರಾವಿನಲ್ಲಿ ಬರೆದುಕೊಂಡಿತು. ಬರೆದವನು ನಾನೇ.

ಈಗ ಆರೂವರೆಗೆ ದೇವೀರಮ್ಮ ಗುಂಡಿ ತಿರುಗಿಸುತ್ತಾಳೆ. ನಾನು ಜಗಲಿಯ ಮೇಲೆ ಉಳಿದವರ ಜೊತೆ ಕೂತಿರುತ್ತೇನೆ, ಉಳಿದವರ ಜೊತೆ ಅಯ್ಯೋ ಎನ್ನುತ್ತೇನೆ, ಉಳಿದವರ ಜೊತೆ ಎದ್ದು ಮನೆಗೆ ಹೋಗುತ್ತೇನೆ. ಹೆಂಡತಿ ಅವರೇಕಾಯಿಯ ಮೊರ ಮುಂದಿಡುತ್ತಾಳೆ. ಸುಲಿಯುತ್ತ ಕೂತರೆ ದೂರದಿಂದ ವೀಣೆ ಕೇಳಿಸುತ್ತದೆ. "ಏನೂಂದ್ರೆ, ಇದು ಯಾವ ರಾಗ?" ಎಂದು ಅವಳು ಒಮ್ಮೊಮ್ಮೆ ಕೇಳುವುದುಂಟು. ಇಷ್ಟು ದೂರಕ್ಕೆ ಸರಿಯಾಗಿ ತಿಳಿಯುವುದಿಲ್ಲ ಎನ್ನುತ್ತೇನೆ. ನಾನು ರೇಡಿಯೋದ ಪಕ್ಕದಲ್ಲೇ ಕೂತಿದ್ದ ಕಾಲದಲ್ಲಿ ಅವಳು ಕೇಳಲಿಲ್ಲವಲ್ಲ ಎಂಬುದೇ ನನ್ನ ಪುಣ್ಯ.