ಬ್ರೇಕಿಗೂ ಗೇರಿಗೂ ಒಂದೇ ಲಿವರ್

ಹೆಂಡತಿಯೊಡನೆ ವಾಕಿಂಗ್ ಹೋಗುವ ಗಂಡಸರನ್ನು ಸುಖಿಗಳೆಂದು ತಿಳಿದವರಿಗೆಲ್ಲ ನನ್ನ ಧಿಕ್ಕಾರವಿರಲಿ. ನಾನು ಷಣ್ಮುಖಪ್ಪ, ಹುಣಸೂರಿನಲ್ಲಿ ಪೈಪು, ನಲ್ಲಿ ಮಾರುವವನು. ಗಂಡ ಹೆಂಡಿರಿಬ್ಬರಿಗೂ ಶುಗರ್ ಎಂದು ಡಾಕ್ಟರು ಹೇಳಿದಾಗಿನಿಂದ ಹನಗೋಡು ರಸ್ತೆಯಲ್ಲಿ ನಾನು ನಡೆಯುತ್ತಿದ್ದೆ, ಮಂಗಳಗೌರಿ ಬೈಯುತ್ತಿದ್ದಳು. ಅಕ್ಕನ ಮನೆ ಗೃಹಪ್ರವೇಶದಲ್ಲಿ ನಾನು ಎರಡನೇ ಸಲ ಹೋಳಿಗೆ ಹಾಕಿಸಿಕೊಂಡದ್ದರಿಂದ ಹಿಡಿದು, ಮದುವೆಯ ದಿನ ನಮ್ಮಪ್ಪ ಅವಳಪ್ಪನನ್ನು ನಿಲ್ಲಿಸಿಯೇ ಮಾತಾಡಿಸಿದ್ದರವರೆಗೆ ಎಲ್ಲವೂ ಬರುತ್ತಿತ್ತು. ನಾನು ತುಟಿ ಬಿಚ್ಚುತ್ತಿರಲಿಲ್ಲ.

ವಿಮೋಚನೆಗಾಗಿ ಮೈಸೂರಿನಿಂದ ಗೇರ್ ಸೈಕಲ್ ತಂದೆ. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಬಾಗಿತ್ತು.

"ಈ ವಯಸ್ನಲ್ಲಿ ಇದ್ಯಾಕ್ರೀ?"

"ಮಂಡಿಗೆ ಒಳ್ಳೇದು ಕಣಮ್ಮಿ. ಒಬ್ಳೇ ನಡಿಯಕೆ ಬೇಜಾರಾಯ್ತದಾ?" (ಬರೀ ಬಾಯಿಮಾತಿಗೆ.)

"ಏನ್ ಮಾಡಾದು ಬುಡಿ," ಎಂದು ನಿಟ್ಟುಸಿರಿಟ್ಟಳು. ನನಗೆ ಪಾಪವೆನ್ನಿಸಿತು. ಒಂದೇ ಒಂದು ಕ್ಷಣ.

ಆ ಸೈಕಲ್ಲಿನಲ್ಲಿ ಒಂದೇ ಲಿವರಿಗೆ ಎರಡು ಖಾತೆ. ಎಳೆದರೆ ಬ್ರೇಕು, ಪಕ್ಕಕ್ಕೆ ತಳ್ಳಿದರೆ ಗೇರು. ಈ ಖಾತೆ ಹಂಚಿಕೆ ನನ್ನ ಬೆರಳುಗಳಿಗೆ ಒಪ್ಪಿಗೆಯಾಗಲೇ ಇಲ್ಲ. ದಿಬ್ಬ ಹತ್ತುವಾಗ ಗೇರು ಬದಲಿಸಲು ಹೋಗಿ ಬ್ರೇಕು ಹಿಡಿದು, ನಿಂತಲ್ಲೇ ಉರುಳಿದೆ. ಹೊಗೆಸೊಪ್ಪಿನ ಟ್ರ್ಯಾಕ್ಟರಿನ ಹಿಂದೆ ಬ್ರೇಕೆಂದು ಗೇರು ತಳ್ಳಿ ಚರಂಡಿಗಿಳಿದೆ. ಆದರೂ ನೆಮ್ಮದಿಯಿತ್ತು. ಬಿದ್ದರೆ ಬೈಯುವವರಿರಲಿಲ್ಲ.

ಮೊನ್ನೆ ಭಾನುವಾರ ಇಳಿಜಾರಿನಲ್ಲಿ ಬರುತ್ತಿದ್ದೆ. ಮುಂದೆ ಇಬ್ಬರು ಹೆಂಗಸರು ನಡೆಯುತ್ತಿದ್ದರು. ಒಬ್ಬರು ಪಕ್ಕದ ಮನೆಯ ಆಮಿನಾಬಿ. ಸೊಂಟ ಹಿಡಿದುಕೊಂಡು ಬಾಗಿ ಬಾಗಿ ನಗುತ್ತಿದ್ದ ಇನ್ನೊಬ್ಬಳು ನನ್ನ ಹೆಂಡತಿ. ಅವಳಿಗೆ ಅಂಥ ನಗು ಇದೆಯೆಂದೇ ನನಗೆ ಗೊತ್ತಿರಲಿಲ್ಲ.

"ಅವ್ರು ಸೈಕಲ್ ತಂದ್ರು, ನಾನು ಬದುಕ್ಕಂಡೆ ಕಣ್ರೀ ಆಮಿನಾಬಿ," ಎನ್ನುತ್ತಿದ್ದಳು. "ಜೊತೇಲಿ ನಡುದ್ರೆ ಒಂದ್ ಮಾತಿಲ್ಲ, ಕತೆಯಿಲ್ಲ. ಬೈದ್ರಾದ್ರೂ ತಿರುಗ್ಸಿ ಮಾತಾಡ್ತಾರೇನೋ ಅಂತ ದಿನಾ ಏನಾರ ಒದರ್ತಿದ್ದೆ. ಸಾಕಾಗೋಗಿತ್ತು."

ಬ್ರೇಕು ಎಳೆಯಬೇಕಿತ್ತು. ಬೆರಳು ಪಕ್ಕಕ್ಕೆ ತಳ್ಳಿತು. ಗೇರು ಕಟಕ್ಕೆಂದಿತು, ಸೈಕಲ್ ನಿಲ್ಲಲಿಲ್ಲ. ಅವರಿಬ್ಬರನ್ನು ತಪ್ಪಿಸಿ ಜೋಳದ ಹೊಲದ ಬೇಲಿಗೆ ನುಗ್ಗಿದೆ.

"ಯಾ ಅಲ್ಲಾ! ನಿಮ್ ಯಜಮಾನ್ರು!" ಆಮಿನಾಬಿ ಕಿರುಚಿದರು.

ಮಂಗಳಗೌರಿ ಓಡಿಬಂದು ಮುಳ್ಳು ಬಿಡಿಸಿದಳು, ಕೈಕಾಲು ತಡವಿ ನೋಡಿದಳು. ಮುಖದಲ್ಲಿದ್ದ ನಗು ಮಾಯವಾಗಿತ್ತು. ಇಷ್ಟು ವರ್ಷ ನುಂಗಿದ ಮಾತೆಲ್ಲ ನನ್ನ ಗಂಟಲಿಗೆ ಬಂತು.

"ನಾಳೆಯಿಂದ ನಿನ್ ಜೊತೆಗೇ ಬತ್ತೀನಿ ಕಣಮ್ಮಿ. ಮಾತಾಡ್ಕಂಡು ನಡಿಯಾನ."

ಅವಳು ಆಮಿನಾಬಿಯ ಮುಖ ನೋಡಿದಳು. ಅವರು ಹೊಲದ ಕಡೆ ನೋಡಿದರು. ಮಂಗಳಗೌರಿ ಬಾಗಿ ಸೈಕಲ್ ಎತ್ತಿ, ಸೊಟ್ಟಗಾಗಿದ್ದ ಹ್ಯಾಂಡಲ್ ನೆಟ್ಟಗೆ ಮಾಡಿದಳು.

"ಏನೂ ಆಗಿಲ್ಲ, ಏಳಿ. ನಾಕ್ ದಿನ ಓಡ್ಸುದ್ರೆ ಕೈಗೆ ಕೂರ್ತದೆ. ಹತ್ತಿ ಮೊದ್ಲು."

ಹತ್ತಿದೆ. ಸೀಟು ಹಿಡಿದು, ಇದ್ದ ಶಕ್ತಿಯೆಲ್ಲ ಹಾಕಿ ನನ್ನನ್ನು ಮುಂದಕ್ಕೆ ತಳ್ಳಿಬಿಟ್ಟಳು.