ನಿಟ್ಟೂರಿನವರೆಗೂ ಓದಿದರೆ

ಎಡಗಣ್ಣಿನ ಗ್ಲಾಕೋಮಾ ಆಪರೇಷನ್ ಆಗಿ ಏಳು ವರ್ಷ. ಅಂದಿನಿಂದ ಶೆಟ್ಟಿಹಳ್ಳಿಯ ಕೌಸಲ್ಯಮ್ಮ ಬೆಳಿಗ್ಗೆ ಎದ್ದೊಡನೆ ಬಾಗಿಲಿಗೆ ಬಂದು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎದುರುಮನೆಯ ಗೇಟಿನ ಕಂಬದ ಮೇಲಿನ ಬೋರ್ಡನ್ನು ಓದುತ್ತಿದ್ದರು: ‘ಪುಟ್ಟರಂಗಯ್ಯ, ರೈಲ್ವೆ ನಿವೃತ್ತ ನೌಕರರು, ನಿಟ್ಟೂರು.’ ನಿಟ್ಟೂರಿನವರೆಗೂ ಓದಿದರೆ ಆ ದಿನಕ್ಕೆ ಕಣ್ಣು ಉಳಿಯಿತೆಂದು ಅರ್ಥ.

ವರ್ಷದ ತಪಾಸಣೆಯ ದಿನ ಬಂತು. ಇವತ್ತಾದರೂ ಸರಿಯಾಗಿ ನೋಡೋಣವೆಂದು ಕನ್ನಡಕ ಒರೆಸಿ ಹಾಕಿಕೊಂಡು ಬಲಗಣ್ಣು ಮುಚ್ಚಿದರು. ಕಂಬ ಕಂಡಿತು. ಅಕ್ಷರ ಒಂದೂ ಇಲ್ಲ. ನಿನ್ನೆಯಷ್ಟೇ ನಿಟ್ಟೂರಿನವರೆಗೂ ಓದಿದ್ದರು. ಎದೆ ಕುಕ್ಕರಿನ ವೆಯ್ಟಿನ ಹಾಗೆ ಕುಣಿಯತೊಡಗಿತು. ಬಲಗಣ್ಣಿನಲ್ಲಿ ನೋಡುವ ಧೈರ್ಯವಾಗಲಿಲ್ಲ.

ಹೊಸಿಲ ಮೇಲೆ ಕುಸಿದವರನ್ನು ಕಂಡು ಪುಟ್ಟರಂಗಯ್ಯನವರ ಹೆಂಡತಿ ಪುಟ್ಟತಾಯಮ್ಮ ಓಡಿಬಂದರು.

"ಎಡಗಣ್ಣು ಹೋಯ್ತು ಕಣ್ರೀ," ಎಂದರು ಕೌಸಲ್ಯಮ್ಮ. ನಿಮ್ಮ ಯಜಮಾನರ ಹೆಸರಿಟ್ಟುಕೊಂಡು ಕಣ್ಣು ಅಳೆಯುತ್ತಿದ್ದೆ ಎನ್ನಲು ನಾಚಿಕೆ.

ಪುಟ್ಟತಾಯಮ್ಮ ಬೆರಳು ಎತ್ತಿದರು. "ಎಷ್ಟು ಹೇಳಿ?"

"ಮೂರು."

"ಎರಡು ಕಣಮ್ಮ. ಮೂರ್ನೇದು ಬಾಗಿಲಿಗೆ ಸಿಕ್ಕಿದ್ಮೇಲೆ ಮಡಿಚಕ್ಕೇ ಬರಲ್ಲ, ಅದನ್ನ ಸೇರಿಸಬ್ಯಾಡಿ. ಹೆಬ್ಬೂರಲ್ಲಿ ನಮ್ಮ ನಾದಿನಿಗೂ ಹಿಂಗೇ ಆಯ್ತು. ಬೆಳಿಗ್ಗೆ ಒಂದು ಕಣ್ಣು, ಸಂಜೆಗೆ ಇನ್ನೊಂದು. ನಡೀರಿ, ನಾನೂ ಬತ್ತೀನಿ."

ಆಟೋ ಆಸ್ಪತ್ರೆ ತಲುಪುವಷ್ಟರಲ್ಲಿ ಆ ನಾದಿನಿ ಎರಡು ಸಲ ಬಾವಿಗೆ ಬಿದ್ದಾಗಿತ್ತು.

ನೋಟ ಎಷ್ಟು ಅಗಲಕ್ಕೆ ಉಳಿದಿದೆಯೆಂದು ಅಳೆಯುವ ಯಂತ್ರದ ಮುಂದೆ ಕೂರಿಸಿದರು. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಒಂದು ಚುಕ್ಕೆ ತಪ್ಪಿದರೂ ಕುರುಡು ಎಂಬ ಭಯಕ್ಕೆ ಕೌಸಲ್ಯಮ್ಮ ಟಕಟಕನೆ ಒತ್ತತೊಡಗಿದರು.

"ಅಮ್ಮಾ," ಎಂದಳು ಪರೀಕ್ಷೆ ಮಾಡುವ ಹರ್ಷಿತಾ, "ನಾನಿನ್ನೂ ಮಿಷನ್ನೇ ಆನ್ ಮಾಡಿಲ್ಲ."

"ಕಂಡ ಹಾಗಾಯ್ತಮ್ಮ."

"ಕಂಡ್ರೆ ಒತ್ತಿ. ಕಂಡ ಹಾಗಾದ್ರೆ ಬೇಡ."

ಮೂರನೆಯ ಸಲಕ್ಕೆ ಪರೀಕ್ಷೆ ಮುಗಿಯಿತು. ಡಾಕ್ಟರು ಏಳು ವರ್ಷದ ಹಾಳೆಗಳನ್ನು ಸಾಲಾಗಿ ಹರಡಿಕೊಂಡರು. "ಆಪರೇಷನ್‌ಗೆ ಮೊದಲು ಹೋಗಿದ್ದು ವಾಪಸ್ ಬರಲ್ಲ. ಉಳಿದಿದ್ದು ಹಾಗೇ ಇದೆ, ಕಣ್ಣಿನ ಪ್ರೆಷರೂ ಸರಿಯಾಗಿದೆ. ಆದ್ರೆ ವರ್ಷ ವರ್ಷ ಬರೋದು ಬಿಡಬೇಡಿ. ಇದು ಕಳ್ಳ ಕಾಯಿಲೆ. ಮನೇಲಿ ನೀವೇ ನೋಡ್ಕೊಂಡ್ರೆ ಗೊತ್ತಾಗಲ್ಲ."

ಜೀವ ಬಂತು. ಆಟೋ ಇಳಿದಾಗ ಪುಟ್ಟರಂಗಯ್ಯ ಗೇಟಿನಲ್ಲೇ ನಿಂತಿದ್ದರು. ಕೌಸಲ್ಯಮ್ಮ ನಾಚಿಕೆ ಬಿಟ್ಟು ಹೇಳಿಯೇಬಿಟ್ಟರು: "ಬೆಳಿಗ್ಗೆ ನಿಮ್ಮ ಬೋರ್ಡು ಕಾಣಿಸಲಿಲ್ಲ ನೋಡಿ, ಅದಕ್ಕೇ ಇಷ್ಟೆಲ್ಲ ರಾದ್ಧಾಂತ."

"ಎಲ್ಲಿಂದ ಕಾಣ್ತದೆ ಕೌಸಲ್ಯಮ್ಮೋರೆ? ತುಕ್ಕು ಹಿಡಿದಿತ್ತು ಅಂತ ಬಿಚ್ಚಿಸಿ ಇಪ್ಪತ್ತು ದಿನ ಆಯ್ತಲ್ಲ."

ಕೌಸಲ್ಯಮ್ಮ ನಗಲು ಬಾಯಿ ತೆರೆದರು. ನಗು ಅಲ್ಲೇ ನಿಂತಿತು. ಇಪ್ಪತ್ತು ದಿನ ನಿಟ್ಟೂರಿನವರೆಗೂ ಓದಿದ್ದು ಏನನ್ನು? ಅದಕ್ಕೂ ಮೊದಲಿನ ಏಳು ವರ್ಷ ಓದಿದ್ದು ಕಣ್ಣೋ, ಬಾಯೋ?

"ಹೊಸಾದು ನಾಳೆ ಬತ್ತದೆ ಬುಡಿ," ಎಂದರು ಪುಟ್ಟರಂಗಯ್ಯ.

"ಬರಲಿ. ಅದರಲ್ಲಿ ಏನು ಬರೆಸಿದೀರಿ ಅಂತ ಮಾತ್ರ ನನಗೆ ಹೇಳಬೇಡಿ, ದಮ್ಮಯ್ಯ."

"ಯಾಕೆ ಹೇಳಬಾರ್ದು?" ಪುಟ್ಟತಾಯಮ್ಮ ಸೆರಗು ಸರಿಮಾಡಿಕೊಂಡರು. "ಈ ಸಲ ನನ್ನ ಹೆಸರೇ ಮುಂದೆ. ‘ಪುಟ್ಟತಾಯಮ್ಮ, ಪುಟ್ಟರಂಗಯ್ಯ, ನಿಟ್ಟೂರು.’"

ಮಾರನೆಯ ದಿನ ಬೆಳಕು ಹರಿಯುತ್ತಲೇ ಕೌಸಲ್ಯಮ್ಮ ಬಾಗಿಲಿಗೆ ಬಂದು ಬಲಗಣ್ಣು ಮುಚ್ಚಿದರು. ನಿಟ್ಟೂರಿನವರೆಗೂ ಅಕ್ಷರಗಳು ಮಣಿ ಪೋಣಿಸಿದಂತೆ ಕಂಡವು.

ಬೋರ್ಡು ಬಂದಿದ್ದು ಹನ್ನೊಂದು ಗಂಟೆಗೆ.