ಎಡಗಾಲಿನ ಚಪ್ಪಲಿ

ಬದರಿನಾಥರು ಚಪ್ಪಲಿಯಾದದ್ದು ಕಾಫಿಗಾಗಿ.

ಬೀಪಿ ಏರಿದೆ ಎಂದು ಡಾಕ್ಟರು ಹೇಳಿದ ದಿನವೇ ಹೆಂಡತಿ ಸೀತಾಲಕ್ಷ್ಮಿ ಅವರ ಲೋಟಕ್ಕೆ ರಾಗಿಗಂಜಿ ಸುರಿಯತೊಡಗಿದ್ದರು. ತಾವು ಮಾತ್ರ ಎದುರಿಗೇ ಕೂತು ಸೊರ್ರೆಂದು ಕಾಫಿ ಹೀರುತ್ತಿದ್ದರು. ಇಂಥ ಶಿಕ್ಷೆ ಶತ್ರುವಿಗೂ ಬೇಡ. ಕೊನೆಗೆ ಕೆಳಗಿನ ಮನೆಯ ಓನರ್ ಚಿಕ್ಕಬೈರಪ್ಪನವರ ಮಗಳು, ನರ್ಸ್ ಶ್ವೇತಾ, ಬೆಳಿಗ್ಗೆ ಡ್ಯೂಟಿಗೆ ಹೊರಟವಳು ಅವರ ಫೋನಿಗೆ ಒಂದು ಆಟ ಹಾಕಿಕೊಟ್ಟಳು.

"ಅಂಕಲ್, ನೀವು ಸುಮ್ನೆ ಟೆನ್ಷನ್ ಮಾಡ್ಕೋತೀರ. ಇದನ್ನ ಆಡಿ, ತಲೆ ತಣ್ಣಗಾಗುತ್ತೆ. ಸಂಜೆ ಬಂದು ಬೀಪಿ ನೋಡ್ತೀನಿ. ನಾರ್ಮಲ್ ಇದ್ರೆ ಕಾಫಿ."

"ಒಂದೇ ಲೋಟ," ಎಂದು ಸೀತಾಲಕ್ಷ್ಮಿ ಷರತ್ತು ಹಾಕಿದರು.

ಆಟದಲ್ಲಿ ಬದರಿನಾಥರು ಎಡಗಾಲಿನ ಹವಾಯಿ ಚಪ್ಪಲಿ. ಗೇಟಿನ ಹತ್ತಿರ ಬಿದ್ದಿರುವ ಅದು ಹಿತ್ತಿಲಲ್ಲಿರುವ ಬಲಗಾಲಿನ ಜೋಡಿಯನ್ನು ಹೋಗಿ ಸೇರಬೇಕು. ಅವಸರವಿಲ್ಲ, ವೈರಿಗಳಿಲ್ಲ, ಸಾಯುವ ಪ್ರಶ್ನೆಯೇ ಇಲ್ಲ. ಬೆರಳು ಸವರಿದರೆ ಪಟ್ ಪಟ್ ಎಂದು ನೆಗೆಯುತ್ತದೆ, ಅಷ್ಟೆ. ಇನ್ಶೂರೆನ್ಸ್ ಆಫೀಸಿನಲ್ಲಿ ಜೀವಮಾನವಿಡೀ ಫೈಲು ತಳ್ಳಿದವರಿಗೆ ಈ ಕೆಲಸ ಎಷ್ಟೋ ವಾಸಿ ಎನಿಸಿತು. ಮಧ್ಯಾಹ್ನದ ಹೊತ್ತಿಗೆ ಅಂಗಳ ದಾಟಿ, ಹೊಸ್ತಿಲು ಹತ್ತಿ, ಸೋಫಾದ ಕೆಳಗೆ ನುಸುಳಿ ಅಡುಗೆಮನೆಯ ಬಾಗಿಲಿಗೆ ಬಂದರು.

ಪಕ್ಕದಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಸೀತಾಲಕ್ಷ್ಮಿ ಬಗ್ಗಿ ನೋಡಿ ಹೌಹಾರಿದರು.

"ರೀ, ನಿಲ್ಲಿ ಅಲ್ಲೇ. ಚಪ್ಪಲಿ ಅಡುಗೆಮನೆಗೆ ಹೋಗ್ತಿದೆ."

"ಆಟ ಕಣೇ ಇದು."

"ಆಟ ಆದ್ರೇನು, ಅಡುಗೆಮನೆ ಅಡುಗೆಮನೇನೇ. ಒಲೆ ಮೇಲೆ ಹಾಲು ಬೇರೆ ಇದೆ."

"ಹಿತ್ತಿಲಿಗೆ ಇರೋದೇ ಇದೊಂದು ದಾರಿ."

"ಚಪ್ಪಲಿ ಒಳಗೆ ಬಂತೋ, ಆಮೇಲೆ ಕಾಫಿ ಮಾತೇ ಎತ್ತಬೇಡಿ. ಹೊರಗೆ ಹೋಗ್ರೀ ಅಂದ್ರೆ."

ಸೋರುವ ನಲ್ಲಿ ನೋಡಲು ಮೆಟ್ಟಿಲು ಹತ್ತಿ ಬರುತ್ತಿದ್ದ ಚಿಕ್ಕಬೈರಪ್ಪನವರ ಕಿವಿಗೆ ಬಿದ್ದದ್ದು ಇಷ್ಟೇ. ಅವರು ಬಾಗಿಲು ತಳ್ಳಿಕೊಂಡು ಒಳನುಗ್ಗಿ ಗಂಡ ಹೆಂಡಿರ ನಡುವೆ ಕೈ ಅಡ್ಡ ಹಿಡಿದರು.

"ಸ್ವಾಮಿ, ಅಮ್ಮಾವ್ರೆ, ಏನೇ ಇರ್ಲಿ, ಈ ವಯಸ್ನಲ್ಲಿ ಚಪ್ಪಲಿವರೆಗೂ ಹೋಗ್ಬಾರ್ದು. ಕೂತ್ಕೊಂಡು ಮಾತಾಡೋಣ."

"ಚಪ್ಪಲಿ ನಾನೇ ಚಿಕ್ಕಬೈರಪ್ಪನವರೇ," ಎಂದರು ಬದರಿನಾಥರು.

"ಹಂಗೆಲ್ಲ ಅನ್ಕೋಬ್ಯಾಡಿ ಸ್ವಾಮಿ. ನೀವು ದೊಡ್ಡೋರು."

ವಿಷಯ ತಿಳಿದ ಮೇಲೆ ಚಿಕ್ಕಬೈರಪ್ಪ ನಲ್ಲಿಯನ್ನು ಮರೆತು ಸೋಫಾದಲ್ಲಿ ಕೂತುಬಿಟ್ಟರು. ಇಟ್ಟಮಡುವಿನ ತಮ್ಮ ಹೊಲದಲ್ಲೇ ಸಾಲಾಗಿ ಮನೆ ಎಬ್ಬಿಸಿದ ಮನುಷ್ಯ. ಫೋನಿನೊಳಗಿನ ಮನೆಯನ್ನು ಒಮ್ಮೆ ನೋಡಿದ್ದೇ ತಡ, ದಾರಿ ಹೇಳಿದರು.

"ಆಚೆ ಬಂದು ಎಡಕ್ಕೆ ತಿರುಗ್ಸಿ. ಮನೆ ಅಂದ್ಮೇಲೆ ಪಕ್ಕದಲ್ಲಿ ಸಂದಿ ಬಿಟ್ಟಿರ್ಲೇಬೇಕು. ಇಲ್ದಿದ್ರೆ ಪ್ಲಾನ್ ಸ್ಯಾಂಕ್ಷನ್ ಆಗಲ್ಲ."

"ಇಲ್ಲಿ ನೀವು ಬಿಟ್ಟಿದೀರಾ?"

"ನನ್ ವಿಷ್ಯ ಬಿಡಿ ಸ್ವಾಮಿ."

ನಿಜಕ್ಕೂ ಸಂದಿ ಇತ್ತು. ಆದರೆ ಅದರ ತುಂಬ ಬಕೆಟ್ಟು, ಪೈಪು, ಕೊನೆಯಲ್ಲಿ ಮಲಗಿದ್ದ ಒಂದು ನಾಯಿ. ಸೀತಾಲಕ್ಷ್ಮಿಯ ಮಡಿಲಿನ ಹುರುಳಿಕಾಯಿ ಚೆಲ್ಲಾಪಿಲ್ಲಿಯಾಯಿತು. "ಮೆಲ್ಲಗೆ ರೀ, ಕಚ್ಕೊಂಡು ಹೋದ್ರೆ ಏನ್ಮಾಡೋದು," ಎಂದು ಗಂಡನ ಭುಜ ಹಿಸುಕಿದರು. ಚಿಕ್ಕಬೈರಪ್ಪ ಟವೆಲಿನಿಂದ ಬೆವರು ಒರೆಸಿಕೊಂಡರು. ಬದರಿನಾಥರೊಬ್ಬರೇ ಶಾಂತ. ಅವರ ಕಣ್ಣ ಮುಂದೆ ಇದ್ದದ್ದು ನಾಯಿಯಲ್ಲ, ನೊರೆ ಎದ್ದ ಕಾಫಿ. ಬಕೆಟ್ಟಿನ ಅಂಚು ಹತ್ತಿ, ನಾಯಿಯ ಬಾಲ ತಾಗದಂತೆ ಹಾರಿ, ಪಟ್ ಎಂದು ಬಲಗಾಲಿನ ಪಕ್ಕ ಇಳಿದರು.

ಫೋನು ತಮಟೆ ಬಾರಿಸಿತು. ಚಿಕ್ಕಬೈರಪ್ಪ ಎದ್ದು ನಿಂತು ಬಾಡಿಗೆದಾರನನ್ನು ಮೊದಲ ಸಲ ತಬ್ಬಿಕೊಂಡರು. "ಅಡುಗೆಮನೆಗೆ ಒಂದು ಹೆಜ್ಜೆನೂ ಇಡ್ಲಿಲ್ಲ ನೋಡಿ ನಮ್ಮೋರು," ಎಂದು ಸೀತಾಲಕ್ಷ್ಮಿ ಹೆಮ್ಮೆಯಿಂದ ಕಣ್ಣೊರೆಸಿಕೊಂಡರು. ಮದುವೆಯಾದಾಗಿನಿಂದ ಇಂಥ ಮಾತು ಕೇಳಿರದ ಬದರಿನಾಥರಿಗೆ ಎದೆ ಉಬ್ಬಿತು.

ಸಂಜೆ ಶ್ವೇತಾ ಬಂದಾಗ ಮೂವರೂ ಇನ್ನೂ ಅದೇ ಮಾತಿನಲ್ಲಿದ್ದರು. ಅವಳು ಬದರಿನಾಥರ ತೋಳಿಗೆ ಪಟ್ಟಿ ಸುತ್ತಿ ಮಿಷನ್ ನೋಡಿದಳು.

"ನೂರಾ ಇಪ್ಪತ್ತನಾಲ್ಕು, ಎಂಬತ್ತು. ಸಖತ್ ಅಂಕಲ್."

"ಸೀತಾ, ಡಿಕಾಕ್ಷನ್ ಸ್ವಲ್ಪ ಗಟ್ಟಿಯಾಗೇ ಇರ್ಲಿ," ಎಂದರು ಬದರಿನಾಥರು, ರಾಜ್ಯ ಗೆದ್ದು ಬಂದವರ ಧ್ವನಿಯಲ್ಲಿ.

ಸೀತಾಲಕ್ಷ್ಮಿ ಸಂಭ್ರಮದಿಂದ ಎದ್ದರು. ಎದ್ದವರೇ ತಲೆ ತಿರುಗಿ ಗೋಡೆ ಹಿಡಿದುಕೊಂಡರು. ಶ್ವೇತಾ ಅವರನ್ನು ಕೂರಿಸಿ ಪಟ್ಟಿ ಸುತ್ತಿದಳು.

"ನೂರಾ ಎಪ್ಪತ್ತು. ಆಂಟಿ, ಇವತ್ತು ಏನ್ ಮಾಡಿದ್ರಿ ನೀವು? ಮೊದ್ಲು ಕಾಫಿ ಬಂದ್ ಮಾಡಿ."

ಸೀತಾಲಕ್ಷ್ಮಿ ಮೆಲ್ಲಗೆ ಎದ್ದು ಅಡುಗೆಮನೆಗೆ ಹೋದರು. ಕಾಫಿಪುಡಿ ಡಬ್ಬಿ ತಂದು ಚಿಕ್ಕಬೈರಪ್ಪನವರ ಕೈಗೆ ಕೊಟ್ಟರು. ಅವರು ಬೇಡ ಎನ್ನಲಿಲ್ಲ.

"ನಂಗಿಲ್ಲದ ಕಾಫಿ ಈ ಮನೇಲಿ ಯಾರಿಗೂ ಇಲ್ಲ."

"ನೀನು ಇಷ್ಟು ದಿನ ನನ್ನೆದುರೇ ಕುಡೀತಿದ್ಯಲ್ಲೇ?"

"ಆಗ ನಂಗೆ ಬೀಪಿ ಇರ್ಲಿಲ್ಲ."

"ಯೋಚನೆ ಬೇಡ ಅಂಕಲ್," ಎಂದಳು ಶ್ವೇತಾ. "ಆಂಟಿ ಬೀಪಿ ಇಳಿದ ದಿನ ಇಬ್ರೂ ಕುಡೀರಿ. ನಿಮಗೆ ಹಿಡಿಸಿದ ಔಷಧಿ ಅವರಿಗೂ ಹಿಡಿಸುತ್ತೆ. ದಿನಾ ಈ ಗೇಮ್ ಆಡ್ಲಿ."

ಬದರಿನಾಥರು ಬೇಡ ಬೇಡ ಎನ್ನುವಷ್ಟರಲ್ಲಿ ಫೋನು ಹೆಂಡತಿಯ ಕೈ ಸೇರಿತ್ತು. ಸೀತಾಲಕ್ಷ್ಮಿ ಮುಂದಿನ ಲೆವೆಲ್ ತೆರೆದರು. ನೋಡುನೋಡುತ್ತಿದ್ದಂತೆ ಅವರ ಮುಖ ಕೆಂಪೇರಿತು.

"ರೀ, ಈ ಸಲ ದಾರಿ ಇರೋದು ದೇವರಮನೆ ಒಳಗಿಂದ."